ಮುಂದಿಲ್ಲ, ಹಿಂದಿಲ್ಲ

ಎತ್ತಿನ ಬಂಡಿಗೆ ಮುಂದು ಹಿಂದು ಇದೆ, ಬಸ್ಸಿಗಿದೆ, ಮಕ್ಕಳ ಮೂರು ಗಾಲಿ ಸೈಕಲ್ಲಿಗೂ ಇದೆ. ಇಲ್ಲದಿರುವುದು ಬಿದಿರಿನಲ್ಲಿ ಹೆಣೆದ, ಬುಟ್ಟಿಯಂಥ ದುಂಡನೆ ತೆಪ್ಪಕ್ಕೆ ಮಾತ್ರ. ಆನೆಗೊಂದಿಯ ಹೊಳೆದಂಡೆಯಲ್ಲಿ ಅಂಬಿಗ ಅಜ್ಜನವರೊಬ್ಬರ ಹತ್ತಿರ ತೆಪ್ಪ ಹೆಣೆಯೋದು ಕಲಿಯಲು ಕೂತಾಗ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಕಾಲೇಜಿನಲ್ಲಿ ಯಾವ ವಸ್ತು ಕೊಟ್ಟರೂ ಎದುರಿನ ನೋಟ, ಪಕ್ಕದ ನೋಟ ಅಂತ ಬರೆದು ಅಭ್ಯಾಸ. ಇದನ್ನು ಎಲ್ಲಿಂದ ನೋಡಿದರೂ ಒಂದೇ ನೋಟ!

"ಅಜ್ಜಾರ, ಇದರ ಮುಂದು ಯಾವುದ್ರೀ?"

"ನಾ ಎತ್ತ ಮಕಾ ಮಾಡಿ ಕುಂದರ್ತೀನೋ ಅದ ಮುಂದು, ತಮ್ಮಾ. ನೀ ಸುಮ್ಕ ಬಿದಿರು ಸೀಳು."

ಸೀಳೋದೇ ಅರ್ಧ ವಿದ್ಯೆ. ಮಚ್ಚು ಶುರು ಮಾಡಿಕೊಡುತ್ತದೆ ಅಷ್ಟೇ, ಆಮೇಲೆ ಎಲ್ಲಾ ಕೈಯದೇ ಕೆಲಸ. ಸೀಳು ನಡುವೆ ಹೋಗದೆ ಒಂದು ಬದಿಗೆ ಓಡುತ್ತದೆ. ಆಗ ತೆಳ್ಳಗಿನ ಕಡೆ ಎಳೆದರೆ ಕೆಟ್ಟಿತು. ದಪ್ಪ ಇರುವ ಕಡೆಯನ್ನೇ ಬಗ್ಗಿಸಿ ಎಳೆಯಬೇಕು, ಸೀಳು ಮೆಲ್ಲಗೆ ನಡುವಿಗೆ ಬರುತ್ತದೆ. ಗಿಣ್ಣು ಬಂದಾಗ ಟಪ್ ಅಂತ ಸದ್ದು. ಅಜ್ಜನವರು ಸದ್ದು ಕೇಳಿಯೇ, ತಲೆ ಎತ್ತದೆ, "ಅದು ಹೋತು, ಬ್ಯಾರೆ ತಗೋ" ಅನ್ನುತ್ತಿದ್ದರು.

ಹೆಣೆಯುವುದು ನೆಲದ ಮೇಲೆ. ದಬ್ಬೆಗಳನ್ನು ಒಂದರೊಳಗೊಂದು ತೂರಿಸಿ ತಳ ಮಾಡಿ, ಮೇಲೆ ಕಲ್ಲು ಹೇರಬೇಕು. ಇಲ್ಲವಾದರೆ ಅಂಚು ಮೇಲಕ್ಕೆ ಬಗ್ಗಿಸುವಾಗ ತಳವೇ ಎದ್ದು ಬರುತ್ತದೆ. ಆನೆಗೊಂದಿಯಲ್ಲಿ ಕಲ್ಲಿಗೇನು ಬರವೇ! ಅಂಚು ಮಾತ್ರ ದಪ್ಪಗೆ, ಬಿಗಿಯಾಗಿ ಹೆಣೆಯಬೇಕು. ಹತ್ತುವವರು, ಇಳಿಯುವವರು, ಹೆದರಿದವರು ಎಲ್ಲರೂ ಹಿಡಿಯೋದು ಅದನ್ನೇ. ಹಿಂದೆ ಹೊರಗಡೆ ತೊಗಲು ಹೊದಿಸುತ್ತಿದ್ದರು. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಕಾಸಿದ ಡಾಂಬರು. ಕೊಪ್ಪಳದ ಬಿಸಿಲಲ್ಲಿ ಡಾಂಬರಿನ ಡಬ್ಬಿ ಪಕ್ಕ ನಿಲ್ಲುವುದು ಯಾರಿಗೂ ಬೇಡ.

ಮರದ ದೋಣಿಗೆ ಅಡಿಯಲ್ಲಿ ಉದ್ದಕ್ಕೂ ಒಂದು ತೊಲೆ ಇರುತ್ತದೆ, ಅದು ನೇರ ಹಿಡಿದಿಡುತ್ತದೆ. ತೆಪ್ಪದ ತಳ ಚಪ್ಪಟೆ. ಒಂದೇ ಬದಿಗೆ ಹುಟ್ಟು ಹಾಕಿದರೆ ಗಿರಗಿರ ಸುತ್ತುತ್ತದೆ. ಅದಕ್ಕೇ ಅಂಬಿಗರು ಮುಂದಕ್ಕೆ ಬಾಗಿ ಹುಟ್ಟಿನಿಂದ ನೀರನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಾರೆ. ಇದೆಲ್ಲಾ ಯಾಕೆ ಬೇಕು ಅಂತ ನನಗೂ ಅನ್ನಿಸಿತ್ತು. ಬೇಸಿಗೆಯಲ್ಲಿ ತುಂಗಭದ್ರೆ ನೋಡಿದರೆ ತಿಳಿಯುತ್ತದೆ. ನೀರಿನಷ್ಟೇ ಬಂಡೆ. ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ ತೆಪ್ಪ ತೇಲುತ್ತದೆ, ಬಂಡೆಗೆ ತಾಗಿದರೆ ಒಂದಿಷ್ಟು ಬಗ್ಗಿ, ತಿರುಗಿ, ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಮೂತಿ ಚೂಪಿನ ದೋಣಿ ಇಲ್ಲಿ ಎಷ್ಟು ದಿನ ಬಾಳೀತು?

ಪ್ರವಾಸಿಗಳು ಬಂದರೆ ಅಜ್ಜನವರು ಬೇಕಂತಲೇ ಸುತ್ತಿಸುತ್ತಾರೆ. ಮೊಬೈಲ್ ಹಿಡಿದವರು ಕಿರುಚಿಕೊಂಡು, ಇಳಿಯುವಾಗ ಮೇಲೊಂದಿಷ್ಟು ರೊಕ್ಕ ಕೊಡುತ್ತಾರೆ. ಊರವರು ಹತ್ತಿದರೆ ಅದೇ ತೆಪ್ಪ ನೆಟ್ಟಗೆ ಹೋಗುತ್ತದೆ.

ಒಂದು ಸಂಜೆ ಅವರಿಗೆ ಡೊಮಿಂಗೋ ಪೇಸ್‌ನ ಕಥೆ ಹೇಳಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ. ಜನ ಇದೇ ಆನೆಗೊಂದಿಗೆ ಹೊಳೆ ದಾಟುವ ತೆಪ್ಪಗಳನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿವೆ, 15–20 ಜನ ಕೂರಬಹುದು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು, ಆದರೆ ನೆಟ್ಟಗೆ ಹೋಗಲಾರವು, ಸದಾ ಸುತ್ತುತ್ತಲೇ ಇರುತ್ತವೆ ಅಂತ.

ಅಜ್ಜನವರು ಎಲೆ ಅಡಿಕೆ ಒಂದು ದವಡೆಗೆ ಸರಿಸಿದರು.

"ಹಂಗಂದ್ರ ರೊಕ್ಕ ಚಲೋ ಕೊಟ್ಟಿರಬೇಕು ಬಿಡು, ಸುತ್ತಿಸ್ಯಾರ."