“ಸ್ವಲ್ಪ ಹೊಂದ್ಕೊಂಡು ಹೋಗಮ್ಮ” ಅನ್ನೋರು

ಗಂಡನ ಕೈಲಿ ಏಟು ತಿಂದ ಹೆಣ್ಣುಮಗಳು ಸಾಮಾನ್ಯವಾಗಿ ಮೊದಲು ಠಾಣೆಗೆ ಹೋಗಲ್ಲ. ಅಕ್ಕನಿಗೋ ಚಿಕ್ಕಮ್ಮನಿಗೋ ಫೋನ್ ಮಾಡ್ತಾಳೆ. ಆ ಕಡೆಯ ಮೊದಲ ಪ್ರಶ್ನೆ ಗಮನಿಸಿ. “ಪೆಟ್ಟಾಯ್ತಾ? ಈಗ ಎಲ್ಲಿದ್ದೀಯ?” ಅಂದರೆ ಮಾತು ಮುಂದುವರಿಸಬಹುದು. “ಅವರಿಗೆ ಸಿಟ್ಟು ಬರೋ ಹಾಗೆ ನೀನೇನಂದೆ?” ಅಂದರೆ ಅವತ್ತಿಗೆ ವಿವರ ಬೇಡ.

ಹೀಗೆ ಕೇಳೋರನ್ನು ಗುರುತಿಸೋದು ಸುಲಭ. ಕಷ್ಟ ಇರೋದು ಸಿಹಿ ಮಾತಿನವರ ವಿಷಯದಲ್ಲಿ. ಕಣ್ಣೀರು ಒರೆಸ್ತಾರೆ, ಕಾಫಿ ಕೊಡ್ತಾರೆ, ಸಂಜೆಯೊಳಗೆ ನಿಮ್ಮತ್ತೆಗೆ ಫೋನ್ ಹೋಗಿರುತ್ತೆ. ಹೊರಡೋ ಯೋಚನೆ ಗಂಡನಿಗೆ ಗೊತ್ತಾದ ಮೇಲೆ ಹೊಡೆತ ಹೆಚ್ಚಾಗೋ ಅಪಾಯ ಇದೆ, ಅದಕ್ಕೇ ಮೊದಲು ಪರೀಕ್ಷಿಸಿ. “ಗುರುವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗ್ತೀನಿ” ಅಂತ ಒಬ್ಬರಿಗೇ ಹೇಳಿ. ಅದೇ ಮಾತು ಗಂಡನ ಬಾಯಲ್ಲಿ ಬಂದರೆ ಮುಗೀತು. ಬರದಿದ್ದರೆ ಆಧಾರ್, ಪಾಸ್‌ಬುಕ್, ಮದುವೆ ಕರೆಯೋಲೆ, ಮಕ್ಕಳ ಜನನ ಪತ್ರ, ಒಡವೆ ಬಿಲ್ಲುಗಳ ಜೆರಾಕ್ಸ್ ಅವರ ಮನೆಯಲ್ಲಿಡಬಹುದಾ ಕೇಳಿ. “ತಂದುಕೊಡು” ಅನ್ನೋರು ಬೇರೆ, “ನೋಡೋಣ” ಅನ್ನೋರು ಬೇರೆ.

ಇನ್ನು ರಾಜಿ ಪಂಚಾಯ್ತಿ. ಎಂಟು ಜನ ಕೂತು, ಅವನಿಂದ “ಇನ್ನು ಮುಂದೆ ಹೊಡೆಯೋದಿಲ್ಲ” ಅಂತ ಮುಚ್ಚಳಿಕೆ ಬರೆಸಿ, ನಿಮ್ಮನ್ನು ಅದೇ ಆಟೋದಲ್ಲಿ ಕಳಿಸಿಬಿಡ್ತಾರೆ. ಹೊಡೀಬಾರದು ಅಂತ ಮ್ಯಾಜಿಸ್ಟ್ರೇಟರು ಕೊಡೋ ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮುಚ್ಚಳಿಕೆಗೆ ಆ ಬಲ ಇಲ್ಲ. ಆದರೂ ಫೋಟೊ ತೆಗೆದಿಟ್ಟುಕೊಳ್ಳಿ: “ಇನ್ನು ಮುಂದೆ” ಅಂತ ಅವನೇ ಬರೆದಿದ್ದಾನೆ ಅಂದರೆ ಹಿಂದೆ ಹೊಡೆದಿದ್ದಕ್ಕೆ ಅದೂ ಒಂದು ಸಾಕ್ಷಿ. ಪ್ರತಿ ಕೇಳಿದಾಗ “ನಂಬಿಕೆ ಇಲ್ವಾ?” ಅಂದವರ ಹೆಸರು ನೆನಪಿರಲಿ.

“ಕೋರ್ಟಿಗೆ ಹೋದರೆ ಬೀದಿಗೆ ಬೀಳ್ತೀಯ” ಅನ್ನೋದು ಹೆದರಿಸೋ ಮಾತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ, ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲೇ ವಾಸಿಸೋ ಹಕ್ಕಿದೆ. ತಾಲ್ಲೂಕಿನಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳೋ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದಕ್ಕೂ ಸಂರಕ್ಷಣಾಧಿಕಾರಿ. ಘಟನೆಯ ವರದಿ ತಯಾರಿಸಬೇಕಾದವರು ಅವರು. ಮ್ಯಾಜಿಸ್ಟ್ರೇಟರು ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ, ಎಷ್ಟೋ ಸಲ ಆಗಲ್ಲ. ಅದಕ್ಕೇ ಅರ್ಜಿ ಜೊತೆಗೇ ಮಧ್ಯಂತರ ಆದೇಶ ಕೇಳಿ. ವಕೀಲರು ಬೇಕಿದ್ದರೆ ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ, ನಂಬರ್ 15100. ಮಹಿಳಾ ಸಹಾಯವಾಣಿ 181. ಹೊಡೆತ ನಡೀತಿರುವಾಗಲೇ ಆದರೆ 112.

“ನಮಗ್ಯಾಕೆ ಕೋರ್ಟು ಕಚೇರಿ” ಅನ್ನೋ ಪಕ್ಕದ ಮನೆಯವರಿಗೂ ಒಂದು ಮಾತು: ಸದುದ್ದೇಶದಿಂದ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಿದವರ ಮೇಲೆ ಕೇಸು ಹಾಕೋಕೆ ಬರಲ್ಲ. ಅದೇ ಕಾಯ್ದೆಯ 4ನೇ ಸೆಕ್ಷನ್ ಓದಿ.

ತವರಿನ ಅಮ್ಮನನ್ನು ಮಾತ್ರ ಈ ಸಾಲಿಗೆ ಸೇರಿಸೋ ಮುಂಚೆ ತಡೀರಿ. “ವಾಪಸ್ ಹೋಗು ಮಗಳೇ” ಅನ್ನೋ ಎಷ್ಟೋ ಅಮ್ಮಂದಿರ ಕೈಲಿ ಬಸ್ ಚಾರ್ಜಿಗೂ ದುಡ್ಡಿರಲ್ಲ, ಮನೆ ಅಣ್ಣ ಅತ್ತಿಗೆಯದಾಗಿರುತ್ತೆ. ಅವರ ಹತ್ತಿರ ಆಸರೆ ಕೇಳಬೇಡಿ. ಒಡವೆ ಬಿಲ್ಲು ಎಲ್ಲಿದೆ ಅಂತ ಕೇಳಿ, ಅಕ್ಕಿ ಡಬ್ಬಿಯಿಂದ ತೆಗೆದುಕೊಟ್ಟಾರು.