ಮೊದಲ ಬೆಂಚಿನಲ್ಲಿ ಕೂರಿಸಿದರೆ ಮುಗೀತಾ?

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುವ ಟೀಚರ್. ಎರಡು ವರ್ಷದ ಹಿಂದೆ ಆರನೇ ತರಗತಿಗೆ ಒಬ್ಬಳು ಹುಡುಗಿ ಬಂದಳು. ಮಂದದೃಷ್ಟಿ. ಕನ್ನಡಕ ಹಾಕಿದರೂ ಪೂರ್ತಿ ಕಾಣುವುದಿಲ್ಲ. ಮೊದಲ ದಿನವೇ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ನನ್ನ ಕೆಲಸ ಆಯಿತು ಅಂದುಕೊಂಡೆ.

ಅವಳ ನೋಟ್ಸ್ ಬಹಳ ನೀಟು. ಒಂದು ಅಕ್ಷರವೂ ತಪ್ಪಿರುತ್ತಿರಲಿಲ್ಲ. ಮೂರು ತಿಂಗಳು ರೈಟ್ ಹಾಕುತ್ತಾ ಹೋದೆ. ಒಂದು ದಿನ ಪಕ್ಕದಲ್ಲಿ ಕೂರುವ ಗೆಳತಿ ರಜೆ. ಅವತ್ತು ಇವಳ ಪುಟ ಖಾಲಿ. ಯಾಕೆ ಅಂತ ಕೇಳಿದರೆ ಮಾತಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೆಲ್ಲಗೆ ಹೇಳಿದಳು. ಅಷ್ಟೂ ದಿನ ಅವಳು ಬೋರ್ಡ್ ನೋಡಿ ಬರೆದದ್ದೇ ಇಲ್ಲ. ಗೆಳತಿಯ ನೋಟ್‌ಬುಕ್ ಕಣ್ಣ ಹತ್ತಿರ ಹಿಡಿದು ಇಳಿಸಿಕೊಳ್ಳುತ್ತಿದ್ದಳು. ಮಕ್ಕಳೆಲ್ಲ ಆಟಕ್ಕೆ ಹೋದ ಮೇಲೆ ನಾನೇ ಹೋಗಿ ಅವಳ ಜಾಗದಲ್ಲಿ ಕೂತು ನೋಡಿದೆ. ಕಿಟಕಿ ಬೆಳಕು ಬಿದ್ದು ಬೋರ್ಡ್ ಹೊಳೆಯುತ್ತಿತ್ತು. ಕಣ್ಣು ಸರಿ ಇರುವ ನನಗೇ ಅರ್ಧ ಬರಹ ಕಾಣಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ ಇರುತ್ತದೆ. ಮಕ್ಕಳು ಗುಂಪಾಗಿ ಕೂರುತ್ತಾರೆ, ಕಾರ್ಡ್ ಕೈಯಲ್ಲಿ ಹಿಡಿಯುತ್ತಾರೆ, ದಿನವಿಡೀ ಹೆಚ್ಚುಕಡಿಮೆ ಒಬ್ಬರೇ ಟೀಚರ್. ಯಾವ ಮಗುವಿಗೆ ಏನು ಕಷ್ಟ ಅಂತ ಆ ಟೀಚರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಆರನೇ ತರಗತಿಗೆ ಬರುವಷ್ಟರಲ್ಲಿ ಬೆಲ್ ಹೊಡೆದಾಗೆಲ್ಲ ಟೀಚರ್ ಬದಲಾಗುತ್ತಾರೆ. ಪುಸ್ತಕ ದಪ್ಪ ಆಗುತ್ತದೆ, ಬೋರ್ಡ್ ಕೆಲಸ ಜಾಸ್ತಿ ಆಗುತ್ತದೆ. ಗಣಿತದವರು ಕನ್ನಡದವರಿಗೆ ಗೊತ್ತಿರಬಹುದು ಅಂದುಕೊಳ್ಳುತ್ತಾರೆ, ಕನ್ನಡದವರು ಕ್ಲಾಸ್ ಟೀಚರ್ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಎಲ್ಲರ ಮಗು ಆದ ಮೇಲೆ ಅದು ಯಾರ ಮಗುವೂ ಅಲ್ಲ. ವಯಸ್ಸೂ ಅಂಥದ್ದು. ಹನ್ನೊಂದು ಹನ್ನೆರಡರ ಮಗು ತನ್ನ ಕಷ್ಟವನ್ನು ಎಲ್ಲರೆದುರು ಹೇಳುವುದಿಲ್ಲ, ಮುಚ್ಚಿಡುವುದನ್ನು ಕಲಿಯುತ್ತದೆ. ಇವಳು ಕಲಿತಿದ್ದು ಅದನ್ನೇ.

ಆಮೇಲೆ ನಾವು ಮಾಡಿದ್ದು ದೊಡ್ಡದೇನಲ್ಲ. ಜಾಗ ಅವಳೇ ಆರಿಸಿದಳು: ಎರಡನೇ ಸಾಲು, ಗೋಡೆ ಕಡೆ. ಬೋರ್ಡ್ ಮೇಲೆ ಬರೆಯುವುದನ್ನೆಲ್ಲ ನಾನು ಬಾಯಲ್ಲೂ ಹೇಳತೊಡಗಿದೆ. 'ಇದನ್ನು ಅದಕ್ಕೆ ಕೂಡಿಸಿ' ಅಂದರೆ ಅವಳಿಗೆ ಏನೂ ತಿಳಿಯದು. 'ಎರಡು ಎಕ್ಸ್‌ಗೆ ಐದು ಕೂಡಿಸಿ' ಅನ್ನಬೇಕು. ಹಾಗೆ ಹೇಳತೊಡಗಿದ ಮೇಲೆ ಹಿಂದಿನ ಬೆಂಚಿನವರಿಗೂ ಲೆಕ್ಕ ಸಲೀಸಾಯಿತು, ಇದು ನಾನು ಕಣ್ಣಾರೆ ಕಂಡಿದ್ದು. ಪ್ರಶ್ನೆಪತ್ರಿಕೆಯನ್ನು ಎ3 ಹಾಳೆಗೆ ದೊಡ್ಡದು ಮಾಡಿ ಜೆರಾಕ್ಸ್ ಮಾಡಿಸಿದೆವು. ಪಠ್ಯಪುಸ್ತಕದ ಪಿಡಿಎಫ್ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅವಳ ಅಪ್ಪ ಅದನ್ನು ಫೋನಿನಲ್ಲಿ ಹಾಕಿಕೊಂಡರು, ಮನೆಯಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾಳೆ.

ಅದೇ ವರ್ಷ ಶ್ರವಣಯಂತ್ರ ಹಾಕುವ ಒಬ್ಬ ಹುಡುಗನೂ ಇದ್ದ. ಯಂತ್ರ ಇದೆಯಲ್ಲ, ಕೇಳುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಅದು ಮಾತನ್ನಷ್ಟೇ ಅಲ್ಲ, ಬೆಂಚು ಎಳೆಯುವ ಸದ್ದು, ಶೀಟಿನ ಮೇಲೆ ಬೀಳುವ ಮಳೆ ಎಲ್ಲವನ್ನೂ ಜೋರು ಮಾಡುತ್ತದೆ. ಅದರ ಸೆಲ್ ಒಂದೆರಡು ವಾರಕ್ಕೆ ಮುಗಿಯುತ್ತದೆ, ಹೊಸದು ತರುವವರೆಗೆ ಯಂತ್ರ ಬ್ಯಾಗಿನಲ್ಲಿ. ತುಟಿ ನೋಡಿ ತಿಳಿದುಕೊಳ್ಳೋಣ ಅಂದರೆ ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಸೇರುತ್ತದೆ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ 'ಪಡಿ', 'ಬಡಿ', 'ಮಡಿ' ಅಂದು ನೋಡಿ. ನಾವೋ ಬೋರ್ಡಿಗೆ ಮುಖ ಮಾಡಿಕೊಂಡೇ ಮಾತಾಡುತ್ತೇವೆ! ಬರೆದು, ತಿರುಗಿ, ಆಮೇಲೆ ಮಾತಾಡಬೇಕು. ಈ ಅಭ್ಯಾಸಕ್ಕೆ ನನಗೆ ಒಂದು ತಿಂಗಳು ಹಿಡಿಯಿತು.

ಕಾನೂನು ನಮ್ಮ ಪರ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, 1995ರ ಕಾಯ್ದೆಯಲ್ಲಿ 7 ಮಾತ್ರ ಇದ್ದವು. ಓದು ಬರಹದಲ್ಲಿ ತೊಡಕು ಇರುವ ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಈಗ ಅದರಲ್ಲಿದೆ. ಸೇರಿಸಿಕೊಂಡರೆ ಸಾಲದು, ಮಗು ಪಾಠದಲ್ಲಿ ಭಾಗವಹಿಸುತ್ತಿದೆಯಾ, ಮುಂದೆ ಹೋಗುತ್ತಿದೆಯಾ ಅಂತ ಗಮನಿಸಬೇಕು ಅಂತಲೂ ಕಾಯ್ದೆ ಹೇಳುತ್ತದೆ. ನಮ್ಮ ದಾಖಲೆಗಳಲ್ಲಿ ಮಾತ್ರ 'ವಿಶೇಷ ಅಗತ್ಯವುಳ್ಳ ಮಗು: 1' ಅನ್ನುವುದಕ್ಕೇ ಜಾಸ್ತಿ ಬೆಲೆ. 2021ರಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಎಂದಿತು. ನಮ್ಮ ಕಡೆ ಬಿಐಇಆರ್‌ಟಿ, ಅಂದರೆ ಬ್ಲಾಕಿನ ಶಾಲೆಗಳನ್ನು ಸುತ್ತಿ ಇಂಥ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು, ಒಬ್ಬರು ಬರುತ್ತಾರೆ. ಒಳ್ಳೆಯವರು, ತಿಳಿದವರು. ಅವರು ಸುತ್ತಬೇಕಾದ ಶಾಲೆಗಳೆಷ್ಟು ಅಂತ ನೋಡಿದರೆ ನಮಗೇ ಅಯ್ಯೋ ಅನ್ನಿಸುತ್ತದೆ. ಹುದ್ದೆ ತುಂಬಿ ಅಂತ ನಾವು, ಪೋಷಕರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಒಟ್ಟಿಗೆ ಕೇಳಲೇಬೇಕು.

'ಇಷ್ಟು ಮಕ್ಕಳಲ್ಲಿ ಒಬ್ಬರಿಗಾಗಿ ನಿಂತರೆ ಪೋರ್ಷನ್ ಮುಗಿಯೋದು ಹೇಗೆ?' ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಆ ಕಷ್ಟ ಸುಳ್ಳಲ್ಲ, ಜನಗಣತಿ, ಚುನಾವಣೆ ಕೆಲಸ ಎಲ್ಲ ನಮ್ಮ ತಲೆ ಮೇಲೇ. ಆದರೆ ತಿರುಗಿ ಮಾತಾಡುವುದಕ್ಕೆ, ಬರೆದದ್ದನ್ನು ಓದಿ ಹೇಳುವುದಕ್ಕೆ ಬೇರೆ ಪೀರಿಯಡ್ ಬೇಕಿಲ್ಲ.

ಇನ್ನು ರ‍್ಯಾಂಪ್. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಎಷ್ಟೋ ಕಡೆ ನೋಡಿದ್ದೇನೆ, ಗಾಲಿಕುರ್ಚಿ ಹಿಂದಕ್ಕೆ ಜಾರುವಷ್ಟು ಕಡಿದು. ರ‍್ಯಾಂಪ್ ಇದ್ದರೂ ಶೌಚಾಲಯದ ಬಾಗಿಲು ಚಿಕ್ಕದಿರುತ್ತದೆ. ಮುಟ್ಟು ಶುರುವಾಗುವ ವಯಸ್ಸಿನ ಹುಡುಗಿ ಅಲ್ಲಿಗೆ ಹೋಗಲು ಆಗದಿದ್ದರೆ ಶಾಲೆಗೇ ಬರುವುದಿಲ್ಲ, ಅಲ್ವಾ?

ನಮ್ಮ ಹುಡುಗಿ ಈ ಸಲ ಏಳು ಮುಗಿಸಿದಳು. ಎಂಟನೇ ತರಗತಿ ಪಕ್ಕದೂರಿನ ಹೈಸ್ಕೂಲಿನಲ್ಲಿ. ಹೊಸ ಜಾಗ, ಹೊಸ ಟೀಚರ್‌ಗಳು, ಮತ್ತೆ ಮೊದಲಿನಿಂದ. ಟಿಸಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಅದಕ್ಕೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆ ಬರೆದೆ. ಯಾವ ಕಡೆ ಕೂರಿಸಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಬಣ್ಣದ ಸೀಮೆಸುಣ್ಣ ಕಾಣುವುದಿಲ್ಲ. ಓದಿ ಹೇಳಿ, ಇನ್ನೇನಾದರೂ ಸೇರಿಸಬೇಕಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

"ಮಿಸ್, ನಂಗೆ ಓಡೋಕೆ ಬರುತ್ತೆ. ಆಟದ ಪೀರಿಯಡ್‌ನಲ್ಲಿ ಬ್ಯಾಗ್ ಕಾಯೋಕೆ ಕೂರಿಸಬೇಡಿ ಅಂತ ಬರೀರಿ."

ಬರೆದೆ. ಮೊದಲ ಸಾಲಿನಲ್ಲೇ ಬರೆದೆ.