ವಿಶೇಷ ಸೂಚನೆ: ಯಾರೂ ಹಾರಿಸುವಂತಿಲ್ಲ

ಆಹ್ವಾನ ಬಂದಿದ್ದು ವಾಟ್ಸಾಪ್‌ನಲ್ಲಿ. ಮೇಲೆ ಗಣಪತಿ, ಕೆಳಗೆ ಜೆಟ್ ವಿಮಾನ, ನಡುವೆ ಅತಿಥಿಗಳ ಏಳು ಫೋಟೋ. ಹವ್ಯಾಸಿ ವಿಮಾನಪ್ರಿಯರ ಕೂಟ. ಸ್ಥಳ, ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಹತ್ತಿರದ ಮೈದಾನ. ನಿಮ್ಮ ನಿಮ್ಮ ಮಾದರಿ ವಿಮಾನಗಳೊಂದಿಗೆ ಬನ್ನಿ, ಊಟದ ವ್ಯವಸ್ಥೆ ಇದೆ. ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತು: "ವಿಶೇಷ ಸೂಚನೆ: ಸ್ಥಳದಲ್ಲಿ ಯಾವುದೇ ವಿಮಾನ, ಡ್ರೋನ್ ಹಾರಿಸುವಂತಿಲ್ಲ."

ಎರಡು ಸಲ ಓದಿದೆ. ಯಕ್ಷಗಾನ ಇದೆ, ಎಲ್ಲರೂ ವೇಷ ಕಟ್ಟಿಕೊಂಡು ಬನ್ನಿ, ಆದರೆ ಚೆಂಡೆ ಬಾರಿಸುವಂತಿಲ್ಲ, ಕುಣಿಯುವಂತಿಲ್ಲ, ಸುಮ್ನೆ ಚೌಕಿಯಲ್ಲಿ ಕೂತು ಊಟ ಮಾಡಿ ಹೋಗಿ ಅಂದ ಹಾಗೆ.

ನನ್ನ ಅಕ್ಕನ ಮಗನಿಗೆ ಆ ಕೊನೆಯ ಸಾಲು ಕಾಣಲೇ ಇಲ್ಲ. ಒಂಬತ್ತನೇ ಕ್ಲಾಸಿನ ಹುಡುಗ. ಮಳೆಗಾಲವಿಡೀ ಕೂತು ಒಂದು ವಿಮಾನ ಮಾಡಿದ್ದಾನೆ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮೇಲೆ ಒಳಕಲ್ಲಿನ ಗುಂಡು ಹೇರಿ ಚಪ್ಪಟೆ ಮಾಡಿ, ಅಂಚು ಕತ್ತರಿಸಿ ಎರಡು ರೆಕ್ಕೆ. ಮೈಯೆಲ್ಲ ಥರ್ಮಾಕೋಲು. ಬಾಲಕ್ಕೆ ಯಾರದೋ ಮದುವೆ ಕಾರ್ಡು. ಮೋಟಾರು, ಬ್ಯಾಟರಿ, ರಿಮೋಟು ಮಾತ್ರ ಆನ್‌ಲೈನ್‌ನಲ್ಲಿ ತರಿಸಿದ್ದು. ಭಾವನಿಗೆ ಹೇಳಿದ ಬೆಲೆ ನಿಜವಾದ ಬೆಲೆಯ ಅರ್ಧ, ಉಳಿದರ್ಧ ನನ್ನದು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನದು ನ್ಯಾನೋ ವರ್ಗ, ಅದಕ್ಕೆ ಪೈಲಟ್ ಲೈಸೆನ್ಸ್ ಬೇಡ. ಅದನ್ನು ಹುಡುಕಿ ಓದಿದವನೂ ಅವನೇ. ಕಾಳುಮೆಣಸು ತೂಗುವ ತಕ್ಕಡಿ ಮೇಲಿಟ್ಟರೆ 252 ಬಂತು. ಸ್ವಲ್ಪ ಹೊತ್ತು ಯೋಚನೆ ಮಾಡಿ, ಮದುವೆ ಕಾರ್ಡಿನಲ್ಲಿ ಉಬ್ಬಿಕೊಂಡಿದ್ದ ಗಣಪತಿಯನ್ನು ಬ್ಲೇಡಿನಲ್ಲಿ ನಾಜೂಕಾಗಿ ಕೊರೆದು ತೆಗೆದ. 249. ತೆಗೆದ ಗಣಪತಿಯನ್ನು ದೇವರ ಕೋಣೆಯಲ್ಲಿಟ್ಟು ಕೈಮುಗಿದು ಬಂದ. ಕಾನೂನಿಗೆ ಇಷ್ಟು ಮರ್ಯಾದೆ ಕೊಟ್ಟ ಇನ್ನೊಬ್ಬ ಪ್ರಜೆಯನ್ನು ನಾನು ನಮ್ಮ ತಾಲೂಕಿನಲ್ಲಿ ಕಂಡಿಲ್ಲ.

ಸರಿ, ಹೊರಟೆವು. ಮುಂದೆ ಹುಡುಗ, ತೊಡೆಯ ಮೇಲೆ ವಿಮಾನ. ಹಿಂದೆ ಪಕ್ಕದ ಮನೆ ಗೌಡರು. ಅವರಿಗೆ ವಿಮಾನದ ಮೇಲೆ ಆಸಕ್ತಿ ಇಲ್ಲ, ಶಿವಮೊಗ್ಗದಲ್ಲಿ ಮಂಡಿಗೆ ಹೋಗಿ ಅಡಿಕೆ ರೇಟು ವಿಚಾರಿಸುವುದಿತ್ತು.

"ಸೋಗಾನೆಗೆ ಅಂತ ಮನೇಲಿ ಹೇಳ್ಬೇಡಿ ಮಾರಾಯ್ರೆ" ಅಂದರು ಹತ್ತುವಾಗಲೇ. ನಮ್ಮ ಕಡೆ ಹಳೆಬರಿಗೆ ಸೋಗಾನೆ ಅಂದರೆ ಜೈಲು. ಕೇಂದ್ರ ಕಾರಾಗೃಹ ಇರುವುದು ಅಲ್ಲೇ. ಅಲ್ಲಿಗೆ ಹೋದವರು ಯಾವಾಗ ವಾಪಸ್ ಬರುತ್ತಾರೆ ಎಂದು ಹೇಳಲಾಗದು ಎಂಬ ಮಾತಿತ್ತು. ಈಗ ವಿಮಾನ ಹಿಡಿಯಲು ಹೋದವರಿಗೂ ಮಂಜಿನ ದಿನ ಅದೇ ಮಾತು ಅನ್ವಯಿಸುತ್ತದೆ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಆಕಾಶದಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ನಮಗೆ ನೆಲದಲ್ಲಿ ಎರಡು ಗಂಟೆ ಮೀರಿತು, ಅದೂ ಗೌಡರಿಗೆ ಎಲೆ ಅಡಿಕೆ ಕೊಳ್ಳಲು ನಿಲ್ಲಿಸಿದ್ದನ್ನು ಬಿಟ್ಟು. ದಾರಿಯಲ್ಲಿ ಹೊಂಡ ಬಂದಾಗಲೆಲ್ಲ ಹುಡುಗ ಎರಡೂ ಕೈಯಲ್ಲಿ ವಿಮಾನವನ್ನು ಮೇಲೆತ್ತಿ ಹಿಡಿಯುತ್ತಿದ್ದ. ಕಾರು ಕುಣಿದರೂ ರೆಕ್ಕೆಗೆ ಪೆಟ್ಟಾಗಬಾರದಲ್ಲ. ಏರಿಸಿದ, ಇಳಿಸಿದ, ಏರಿಸಿದ, ಇಳಿಸಿದ. ಟೇಕಾಫು, ಲ್ಯಾಂಡಿಂಗು. ಗೌಡರು ಹಿಂದಿನಿಂದ ಲೆಕ್ಕ ಹಿಡಿದಿದ್ದರು, ಅರವತ್ತೆರಡಕ್ಕೆ ಬಿಟ್ಟರು. ಒಂದೇ ಬೆಳಿಗ್ಗೆಯಲ್ಲಿ ಅಷ್ಟು ವಿಮಾನ ಸಂಚಾರ ಕಂಡ ರಸ್ತೆ ಮಲೆನಾಡಿನಲ್ಲಿ ಇನ್ನೊಂದಿರಲಾರದು. ರಸ್ತೆ ನೋಡಿಕೊಳ್ಳುವವರ ಬಗ್ಗೆ ನನಗೆ ದೂರಿಲ್ಲ. ದೊಡ್ಡವರು ಬರುವ ಹಿಂದಿನ ರಾತ್ರಿ ಅವರು ಎಷ್ಟು ಬೇಗ ಕೆಲಸ ಮಾಡುತ್ತಾರೆ ಎಂದು ಕಣ್ಣಾರೆ ನೋಡಿದ್ದೇನೆ. ನಮ್ಮದೇ ತಪ್ಪು, ನಾವು ಸಣ್ಣವರು.

ಮಂಡಗದ್ದೆಯಲ್ಲಿ ಕಾಲು ನೀಡಲು ಇಳಿದೆವು. ತುಂಗೆಯ ನಡುವಿನ ಆ ಸಣ್ಣ ದ್ವೀಪ ಚಳಿಗಾಲದಲ್ಲಿ ಖಾಲಿ. ಮಳೆಗಾಲಕ್ಕೆ ಬರಬೇಕು ನೋಡಿ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಮರದ ಕೊಂಬೆ ಕಾಣದಷ್ಟು. ಹೊಳೆ ಉಕ್ಕಿ ಮರದ ಬುಡವೆಲ್ಲ ಮುಳುಗಿದಾಗ, ಮೋಡ ಕವಿದು ಎದುರಿನ ದಡ ಕಾಣದಿದ್ದಾಗ, ಅವು ಆರಾಮಾಗಿ ಇಳಿದು ಗೂಡು ಕಟ್ಟುತ್ತವೆ. ಸೋಗಾನೆಯಲ್ಲಿ ಮೋಡ, ಮಂಜು ಅಂತ ವಿಮಾನ ಬಾರದ ದಿನಗಳಲ್ಲೂ ಇಲ್ಲಿ ವೇಳಾಪಟ್ಟಿ ತಪ್ಪಿಲ್ಲ. ಮಲೆನಾಡಿನಲ್ಲಿ ಮಂಜು ಬೀಳುತ್ತದೆ ಎಂಬ ಗುಟ್ಟನ್ನು ಬೆಳ್ಳಕ್ಕಿಗಳು ಮೊದಲೇ ಪತ್ತೆ ಹಚ್ಚಿದ್ದವು ಅಂತ ಕಾಣುತ್ತೆ. ಗೂಡು ಕಟ್ಟುವ ಮುಂಚೆ ಯಾರಾದರೂ ಅವನ್ನೇ ಕೇಳಬಹುದಿತ್ತು.

ನಿಲ್ದಾಣದ ಕತೆ ನಿಮಗೆ ಗೊತ್ತೇ ಇದೆ. ಉದ್ಘಾಟನೆ 2023ರ ಫೆಬ್ರವರಿ 27ಕ್ಕೆ, ಪ್ರಧಾನಿಗಳ ಕೈಯಿಂದ, ಯಡಿಯೂರಪ್ಪನವರ 80ನೇ ಹುಟ್ಟುಹಬ್ಬದ ದಿನವೇ. ಅವರದೇ ಹೆಸರಿಡುತ್ತೇವೆ ಅಂದಿದ್ದರು, ಅವರು ಬೇಡ ಅಂದರು, ಕುವೆಂಪು ಹೆಸರು ಬಂತು. ಇದು ಒಳ್ಳೆಯದೇ ಆಯಿತು, ನಮ್ಮ ತಾಲೂಕಿನವರು, ನಾನು ತಕರಾರು ತೆಗೆಯುವುದಿಲ್ಲ. ಕಟ್ಟಡ ತಾವರೆಯ ಆಕಾರದಲ್ಲಿದೆ ಎಂದು ಒಂದಷ್ಟು ದಿನ ಜಗಳವಾಯಿತು. ಆಮೇಲೆ ನೋಡಿದರೆ ವಿಮಾನವೇ ಇಲ್ಲ. ಮೊದಲ ಪ್ರಯಾಣಿಕ ವಿಮಾನ ಬಂದಿದ್ದು ಆಗಸ್ಟ್ 31ಕ್ಕೆ. ಆರು ತಿಂಗಳು. ನಮ್ಮಲ್ಲಿ ಮಗುವಿಗೆ ಅನ್ನಪ್ರಾಶನ ಮಾಡುವುದೂ ಆರು ತಿಂಗಳಿಗೇ, ಹಾಗಾಗಿ ಶಾಸ್ತ್ರ ತಪ್ಪಲಿಲ್ಲ. ಮಗು ಉಂಡಿದ್ದು ಮಾತ್ರ ಒಂದು ತುತ್ತು: ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ಎಂಬ ಸಣ್ಣ ವಿಮಾನ.

ಈ ಎಟಿಆರ್‌ಗೆ ನೆಲ ಬಿಟ್ಟು ಏಳಲು ಒಂದೂವರೆ ಕಿಲೋಮೀಟರು ಧಾರಾಳವಾಯಿತು. ನಮ್ಮ ರನ್‌ವೇ 3 ಕಿಲೋಮೀಟರಿಗೂ ಜಾಸ್ತಿ, ರಾಜ್ಯದ ಉದ್ದದ ರನ್‌ವೇಗಳಲ್ಲಿ ಇದೂ ಒಂದು. ಅಗಲ 45 ಮೀಟರು. ಇದನ್ನು ಹುಡುಗ ಹೇಳಿದ್ದೇ ತಡ, ಗೌಡರು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತರು.

"ಎಕರೆ ಲೆಕ್ಕದಲ್ಲಿ ಎಷ್ಟಾಯ್ತು ಅಪ್ಪಿ?"

ಹುಡುಗ ಮೊಬೈಲಿನಲ್ಲಿ ಒತ್ತಿದ. ಸುಮಾರು 34 ಎಕರೆ.

"ಮೂವತ್ನಾಲ್ಕು ಎಕರೆ ಅಂಗಳ!" ಗೌಡರ ದನಿ ನಡುಗಿತು. "ಒಂದು ಮರದ ನೆರಳಿಲ್ಲ. ಒಂದು ಕೋಳಿ ಇಲ್ಲ. ಕಾಂಪೌಂಡು ಬೇರೆ, ಪೊಲೀಸ್ ಬೇರೆ."

ಅಡಿಕೆ ಬೆಳೆಯದವರಿಗೆ ಆ ನಡುಕ ಅರ್ಥವಾಗುವುದಿಲ್ಲ. ಕೊಯ್ಲಿನ ಹೊತ್ತಿಗೆ ನಮಗೆ ಸಾಲದಿರುವುದು ಎರಡೇ, ಆಳು ಮತ್ತು ಅಂಗಳ. ಸುಲಿದು ಬೇಯಿಸಿದ ಅಡಿಕೆ ಹರಡಲು ಜಾಗವಿಲ್ಲದೆ ಜನ ಚಪ್ಪರದ ಮೇಲೆ, ತಾರಸಿ ಮೇಲೆ, ಶಾಲೆ ಅಂಗಳದಲ್ಲಿ, ಒಬ್ಬರಂತೂ ಬಸ್‌ಸ್ಟಾಪಿನ ಮಾಡಿನ ಮೇಲೆ ಒಣಗಿಸುತ್ತಾರೆ. ಅಲ್ಲಿಂದ ಮಂಡಿ ಬರುವವರೆಗೂ ಗೌಡರು ಯೋಜನೆ ತಯಾರು ಮಾಡಿದರು. ವಿಮಾನಕ್ಕೆ ಅರ್ಧ ಸಾಕು, ಅಲ್ವಾ. ಉಳಿದರ್ಧವನ್ನು ಪಂಚಾಯ್ತಿಗೊಂದು ಪಟ್ಟಿಯಂತೆ ಹಂಚಿದರೆ ಆಯಿತು. ವಿಮಾನ ಎದ್ದಾಗ ಬರುವ ಗಾಳಿಗೆ ಧೂಳು ತೂರಿಹೋಗುತ್ತದೆ, ಅದು ಪುಕ್ಕಟೆ. ಮೋಡ ಬಂದರೆ ಹೇಗೂ ವಿಮಾನ ಬರುವುದಿಲ್ಲ, ಆಗ ನಿಲ್ದಾಣದ ಸಿಬ್ಬಂದಿಯೆಲ್ಲ ಸೇರಿ ಅಡಿಕೆ ಬಾಚಿಕೊಡಲಿ. ಸುಮಾರು 450 ಕೋಟಿಯ ಆಸ್ತಿಯನ್ನು ಪೂರ್ತಿಯಾಗಿ ಬಳಸಿಕೊಳ್ಳುವ ಬೇರೆ ಪ್ರಸ್ತಾಪ ಇಷ್ಟು ದಿನದಲ್ಲಿ ಯಾರ ಬಾಯಿಂದಲೂ ಬಂದಿದ್ದನ್ನು ನಾನು ಕೇಳಿಲ್ಲ. ಮಂಡಿಯಲ್ಲಿ ಅವರು ಇಳಿಯಲೇ ಇಲ್ಲ. "ಒಂದ್ಸಲ ನೋಡ್ಕೊಂಡೇ ಬರ್ತೀನಿ" ಅಂದರು.

ಮೈದಾನದಲ್ಲಿ ಶಾಮಿಯಾನ. ಮೇಜುಗಳ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ವಿಮಾನಗಳು. ಬಾಲ್ಸಾ ಮರದವು, ಫೋಮಿನವು, ಒಬ್ಬ ಡಿಪ್ಲೊಮಾ ಹುಡುಗ ಮಾಡಿದ ಆರಡಿ ರೆಕ್ಕೆಯ ಗ್ಲೈಡರ್. ಗಾಳಿ ಬಂದಾಗಲೆಲ್ಲ ಅದು ಮೇಜಿನಿಂದ ಒಂದಿಂಚು ಏಳುತ್ತಿತ್ತು. ಸ್ವಯಂಸೇವಕನೊಬ್ಬ ಓಡಿಬಂದು ಅದರ ಮೇಲೆ ನೀರಿನ ಬಾಟಲಿ ಇಟ್ಟ. ಆಮೇಲೆ ಎಲ್ಲ ವಿಮಾನಗಳಿಗೂ ಒಂದೊಂದು ಬಾಟಲಿ ಬಂತು.

ನಿಯಮದಲ್ಲಿ ತಪ್ಪಿಲ್ಲ, ಅದನ್ನು ಹೇಳಿಬಿಡಬೇಕು. ನಿಜವಾದ ವಿಮಾನ ಇಳಿಯುವ ಜಾಗದ ಪಕ್ಕ ಆಟದ ವಿಮಾನ ಹಾರಿಸಬಾರದು. ಆಕಾಶದ ನಕ್ಷೆಯಲ್ಲಿ ಅದು ಕೆಂಪು ವಲಯ, ಕೇಂದ್ರ ಸರ್ಕಾರದ ಅನುಮತಿ ಬೇಕು. ಮತ್ತೆ ಈ ಜಾಗವನ್ನೇ ಯಾಕೆ ಆರಿಸಿದಿರಿ ಅಂತ ಸಂಘಟಕರನ್ನು ಕೇಳಿದೆ. "ವಿಮಾನದ ಕಾರ್ಯಕ್ರಮ ಸಾರ್, ವಿಮಾನ ನಿಲ್ದಾಣದ ಹತ್ರ ಮಾಡಿದ್ರೇನೇ ಚಂದ" ಅಂದರು.

ಹುಡುಗ ಮುಖ ಸಣ್ಣದು ಮಾಡಿಕೊಂಡು ನನಗೆ ಆಷ್‌ಕಾಷ್ ಕತೆ ಹೇಳಿದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಂದು ಸಣ್ಣ ಊರಂತೆ. ಹವ್ಯಾಸಿಗಳ ಈ ಕೂಟ ಶುರುವಾಗಿದ್ದು 1953ರಲ್ಲಿ, ಆ ಊರಿಗೆ ಬಂದಿದ್ದು 1970ರಲ್ಲಿ. ಈಗ ಪ್ರತಿ ಬೇಸಿಗೆಯಲ್ಲಿ ಒಂದು ವಾರ ಸುಮಾರು 10,000 ವಿಮಾನಗಳು ಆ ಊರಿನ ಸುತ್ತಮುತ್ತ ಬರುತ್ತವೆ. ಮನೆಯ ಶೆಡ್ಡಿನಲ್ಲಿ ತಾವೇ ಕಟ್ಟಿದ ವಿಮಾನ ಹಾರಿಸಿಕೊಂಡು ಬಂದು, ಅದರ ರೆಕ್ಕೆಯ ಕೆಳಗೇ ಡೇರೆ ಹಾಕಿ ಮಲಗುತ್ತಾರಂತೆ. "ಅಲ್ಲಿ ಕಾರಲ್ಲಿ ಹೋಗೋರೂ ಇದಾರೆ ಮಾವ" ಎಂದು ಸೇರಿಸಿದ, ನನ್ನನ್ನು ಸಮಾಧಾನ ಮಾಡಲು.

ಮುಖ್ಯ ಅತಿಥಿ ಬೆಂಗಳೂರಿನವರು. ಹಿಂದಿನ ರಾತ್ರಿಯೇ ಜನಶತಾಬ್ದಿ ರೈಲಿನಲ್ಲಿ ಬಂದಿದ್ದರು. ಬೆಳಗಿನ ವಿಮಾನವನ್ನು ಮಂಜಿನಲ್ಲಿ ನಂಬಲಾಗದು ಎಂದು ತಾವೇ ವೇದಿಕೆಯ ಮೇಲೆ ನಗುತ್ತಾ ಹೇಳಿದರು. ಆಮೇಲೆ ಮುಕ್ಕಾಲು ಗಂಟೆ ವೈಮಾನಿಕ ಕ್ಷೇತ್ರದ ಭವಿಷ್ಯದ ಬಗ್ಗೆ ಮಾತಾಡಿದರು. ಪುಷ್ಪಕ ವಿಮಾನ ಬಂತು, ಡ್ರೋನಿನಲ್ಲಿ ಔಷಧಿ ಬಂತು, ಏರ್ ಟ್ಯಾಕ್ಸಿ ಬಂತು. ಗುಡ್ಡದ ಮೇಲಿನ ಹಳ್ಳಿಯ ರೋಗಿಯನ್ನು ಹತ್ತು ನಿಮಿಷದಲ್ಲಿ ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ದಿನ ದೂರವಿಲ್ಲ ಅಂದರು. ಚಪ್ಪಾಳೆ.

ನಾನು ತಟ್ಟಲಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಮನೆ ಮೇಲಿನ ಗುಡ್ಡದಿಂದ ಒಬ್ಬ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಗೆ ಪಂಚೆಯಲ್ಲಿ ಬಿಗಿದು ಕೆಳಗಿಳಿಸಿದ್ದೆವು. ನಾಲ್ಕು ಜನ ಹೊತ್ತೆವು. ಹಳ್ಳಕ್ಕೆ ಇರುವುದು ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ, ಪಾಚಿ ಕಟ್ಟಿ ಜಾರುತ್ತಿತ್ತು. ಅದೇ ಸಂಕದ ಮೇಲೆ ದಿನಾ ಏಳು ಮಕ್ಕಳು ಶಾಲೆಗೆ ಹೋಗುತ್ತವೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಪ್ರತಿ ಸಲ ಯಾರೋ ಬರುತ್ತಾರೆ, ಅಳೆಯುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಹನ್ನೆರಡು ಅಡಿ ಸಿಮೆಂಟು ಕೇಳುತ್ತಿದ್ದೇವೆ ಸ್ವಾಮಿ. 3 ಕಿಲೋಮೀಟರು ಅಲ್ಲ, ತಾವರೆ ಆಕಾರವೂ ಬೇಡ. ಯಾರ ಹುಟ್ಟುಹಬ್ಬಕ್ಕಾದರೂ ಸರಿ, ಯಾರ ಹೆಸರಿಟ್ಟರೂ ಸರಿ, ಮಾಡಿ.

ಊಟಕ್ಕೆ ಪಲಾವ್ ಇತ್ತು, ಚೆನ್ನಾಗಿತ್ತು.

ನಮ್ಮ ಹುಡುಗನ ವಿಮಾನಕ್ಕೆ "ಪರಿಸರಸ್ನೇಹಿ ವಿನ್ಯಾಸ" ಅಂತ ಒಂದು ಸರ್ಟಿಫಿಕೇಟು ಸಿಕ್ಕಿತು. ಹಾರುತ್ತದೋ ಇಲ್ಲವೋ ಅಂತ ತೀರ್ಪುಗಾರರು ಕೇಳಲಿಲ್ಲ. ಗೌಡರು ಅಷ್ಟೂ ಹೊತ್ತು ಬೇಲಿಯ ಹತ್ತಿರ ನಿಂತು ಒಳಗೆ ಬಿಸಿಲು ಹೇಗೆ ಬೀಳುತ್ತದೆ ಎಂದು ನೋಡುತ್ತಿದ್ದರು. ಉದ್ಘಾಟನೆಯಾಗಿ ಎಷ್ಟೋ ದಿನವಾದ ಮೇಲೂ, ರಾತ್ರಿ ವಿಮಾನ ಇಳಿಯುವ ವ್ಯವಸ್ಥೆ ಇನ್ನೇನು ಆಗುತ್ತದೆ ಎಂಬ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇತ್ತು. ಗೌಡರಿಗೆ ಅದರ ಚಿಂತೆಯಿಲ್ಲ. ಅಡಿಕೆಗೆ ಹಗಲು ಸಾಕು.

ಊರು ಮುಟ್ಟಿದಾಗ ಸಂಜೆ ಐದೂವರೆ. ಮನೆ ಮುಂದಿನ ಗದ್ದೆ ಕೊಯ್ಲಾಗಿ ಬಯಲಾಗಿತ್ತು. ಹುಡುಗ ಕಾರಿನಿಂದ ಇಳಿದವನೇ ಚಪ್ಪಲಿ ಬಿಟ್ಟು ಕೂಳೆಯ ಮೇಲೆ ಓಡಿ ವಿಮಾನವನ್ನು ಗಾಳಿಗೆ ಎಸೆದ. ಅದು ಒಂದು ಕ್ಷಣ ಕೆಳಗೆ ಕುಸಿದು, ಆಮೇಲೆ ಮೂಗೆತ್ತಿ, ಗುಂಯ್ ಅನ್ನುತ್ತಾ ಹುಲ್ಲಿನ ಬಣವೆಯ ಮೇಲೆ ಸುತ್ತು ಹೊಡೆಯಿತು. ಹಾಳೆ ರೆಕ್ಕೆ ಸಂಜೆ ಬಿಸಿಲಿಗೆ ಕೆಂಪಗೆ ಕಂಡಿತು. ನನ್ನ ಅಕ್ಕ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದು ನಿಂತಳು. ಎರಡು ಸುತ್ತು, ಮೂರು ಸುತ್ತು. ನಾಲ್ಕನೆಯದಕ್ಕೆ ತೋಟದ ಕಡೆ ತಿರುಗಿ ಅಡಿಕೆ ಮರದ ತಲೆಯಲ್ಲಿ, ಸೋಗೆಯ ಸಂದಿಗೆ ಹೋಗಿ ಕೂತಿತು. ಹಾಳೆ ವಾಪಸ್ ಮರಕ್ಕೆ.

ಅಡಿಕೆ ಕೊನೆ ತೆಗೆಯುವ ಮಂಜಣ್ಣ ತೋಟದಿಂದ ಮನೆಗೆ ಹೊರಟಿದ್ದ. ಹುಡುಗ ಓಡಿಹೋಗಿ ಅವನ ಕೈ ಹಿಡಿದ. ಮಂಜಣ್ಣ ಕತ್ತೆತ್ತಿ ಮರ ನೋಡಿದ, ಆಕಾಶ ನೋಡಿದ.

"ಕತ್ತಲಾಯ್ತಲ್ಲ ಅಪ್ಪಿ" ಅಂದ. "ಬೆಳಕು ಹರಿದ ಮೇಲೆ ಇಳಿಸಿದ್ರಾಯ್ತು. ಮಂಜಿಲ್ದಿದ್ರೆ."